ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆ

ನಮಸ್ಕಾರ. ಬೆಂಗಳೂರಿನ ಹನುಮಂತನಗರ, ಭಾನುವಾರ ಬೆಳಗ್ಗೆ. ನಮ್ಮ ಕ್ರಾಸಿನ ಟ್ರಾನ್ಸ್‌ಫಾರ್ಮರ್ ಪಕ್ಕ ಬಿದ್ದಿರುವ ಈ ಕಸದ ರಾಶಿಯನ್ನು ಇವತ್ತು ಎತ್ತಲೇಬೇಕು ಅಂತ ಸೇರಿದ್ದೇವೆ. ಬೇಲಿಯ ಒಳಗೆ ಯಾರೂ ಕೈ ಹಾಕಿಲ್ಲ, ಕರೆಂಟ್ ವಿಷಯ. ಗುಡಿಸುವುದು, ಚೀಲ ತುಂಬುವುದು ವಿಡಿಯೋದಲ್ಲಿ ನಿಮಗೇ ಕಾಣುತ್ತಿದೆ.

ನನಗೆ ಸಿಟ್ಟು ಬಂದಿದ್ದು ಈ ಮೂಟೆಗಳನ್ನು ನೋಡಿ. ಒಡೆದ ಟೈಲ್ಸ್, ಗಟ್ಟಿಯಾದ ಸಿಮೆಂಟ್, ಅರ್ಧ ಕಮೋಡ್. ಯಾರೋ ಬಾತ್‌ರೂಮ್ ರಿಪೇರಿ ಮಾಡಿಸಿ ರಾತ್ರೋರಾತ್ರಿ ಸುರಿದಿದ್ದಾರೆ. ಕಸದ ಆಟೋದವರು ಇದನ್ನು ಒಯ್ಯುವುದಿಲ್ಲ. ಕಟ್ಟಡದ ಕಸಕ್ಕೆ 2016ರಲ್ಲೇ ಬೇರೆ ನಿಯಮ ಬಂದಿದೆ, ಯಾರ ಮನೆ ಕೆಲಸವೋ ಅವರದೇ ಜವಾಬ್ದಾರಿ. ಟೆಂಪೋದವರನ್ನು ಕೇಳಿದರೆ ಎರಡೂವರೆ ಸಾವಿರ ಅಂದರು. 'ಅಣ್ಣ, ಲೋಡಿಂಗ್ ನಾವೇ ಮಾಡ್ತೀವಿ' ಅಂದ ಮೇಲೆ 1,800ಕ್ಕೆ ಬಂದರು. ಅಲ್ಲಿಂದ ಒಂದು ರೂಪಾಯಿ ಇಳಿಯಲಿಲ್ಲ. ಅವರನ್ನು ಬೈಯೋಕಾಗಲ್ಲ, ಡೀಸೆಲ್ ಇದೆ, ದೂರ ಇದೆ. ಆದರೆ ಆ ದುಡ್ಡನ್ನು ಬೀದಿಯವರು ಯಾಕೆ ಕೊಡಬೇಕು? ನಿಮ್ಮ ಮನೆಯಲ್ಲಿ ಕೆಲಸ ನಡೆಯುವುದಿದ್ದರೆ ಮೇಸ್ತ್ರಿಯನ್ನು ಮೊದಲೇ ಕೇಳಿ, ಡೆಬ್ರಿಸ್ ಎಲ್ಲಿಗೆ ಹೋಗುತ್ತದೆ ಅಂತ. ಸಾಗಿಸುವ ಖರ್ಚನ್ನು ಎಸ್ಟಿಮೇಟ್‌ಗೆ ಸೇರಿಸಿ. ಒಂದು ಮೂಟೆ ಬಿದ್ದರೆ ಸಾಕು, ಮಾರನೇ ದಿನ ಅದರ ಮೇಲೆ ಊಟದ ಕವರ್ ಬೀಳುತ್ತದೆ.

ಇವರು ನಮ್ಮ ಬೀದಿ ಗುಡಿಸುವ ಅಕ್ಕ, ಪೌರಕಾರ್ಮಿಕರು. ಮುಖ ತೋರಿಸಬೇಡ ಅಂದರು, ಅದಕ್ಕೇ ಕೈ ಮಾತ್ರ. 'ಗುಡಿಸಿದ್ರೆ ಏನಾಯ್ತಪ್ಪ, ಏಳೂವರೆಗೆ ಬಂದು ಇಲ್ಲಿ ನಿಂತ್ಕೋ' ಅಂತ ಅವರೇ ಹೇಳಿಕೊಟ್ಟಿದ್ದು. ನಿಂತೆವು. ಬೈಕಿನ ಹ್ಯಾಂಡಲ್‌ಗೆ ಕಪ್ಪು ಕವರ್ ಸಿಕ್ಕಿಸಿಕೊಂಡು ಬರುತ್ತಾರೆ, ಕಾಲು ಕೆಳಗೆ ಇಡುವುದೇ ಇಲ್ಲ, ಎಸೆದು ಹೋಗುತ್ತಾರೆ. ಮೇಲಿನ ಮಹಡಿಗಳ ಬಾಡಿಗೆ ಹುಡುಗರು. ಕಸದ ಆಟೋ ಬರುವುದು ಒಂಬತ್ತರ ಮೇಲೆ, ಅಷ್ಟೊತ್ತಿಗೆ ಅವರು ಆಫೀಸಿನಲ್ಲಿ. ಸಿಸಿಟಿವಿ ಹಾಕಿ ಫೈನ್ ಹಾಕಿಸೋಣ ಅಂತ ಮೊದಲು ಜೋರು ಮಾಡಿದವನು ನಾನೇ. ಈಗ ಬೇಡ ಅನ್ನಿಸುತ್ತದೆ. ಗೇಟಿನ ಒಳಗೆ ಬಕೆಟ್ ಇಟ್ಟರೆ ಆಟೋಗೆ ಕೊಡುತ್ತೇನೆ ಅಂತ ಕೆಳಗಿನ ಮನೆ ಆಂಟಿ ಒಪ್ಪಿದ್ದಾರೆ. ಹಸಿ ಕಸಕ್ಕೆ ಹಸಿರು, ಸ್ಯಾನಿಟರಿ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಹೈಕೋರ್ಟ್ 2015ರಲ್ಲೇ ಹೇಳಿದ್ದು ಇದನ್ನೇ.

ಬೇರ್ಪಡಿಸುವುದು ಯಾಕೆ ಅಂತ ಕೇಳುವವರು 2012ನ್ನು ನೆನಪು ಮಾಡಿಕೊಳ್ಳಲಿ. ಬೆಂಗಳೂರಿನ ಬೇರ್ಪಡಿಸದ ಕಸವನ್ನೆಲ್ಲ ಹೊತ್ತು ಸಾಕಾಗಿದ್ದ ಹೊರವಲಯದ ಮಾವಳ್ಳಿಪುರ, ಮಂಡೂರಿನ ಜನ ತಿರುಗಿ ನಿಂತಾಗ ನಗರದ ರಸ್ತೆಗಳಲ್ಲಿ ಕಸ ಗುಡ್ಡೆ ಬಿದ್ದಿತ್ತು. ಆ ಊರಿನವರ ಕೊಳವೆಬಾವಿ ನೀರು... ತಡೀರಿ, ಟೆಂಪೋ ಹೊರಟಿತು, ಗೋಡೆ ಶಾಟ್ ಬಂತು.

ಪೇಂಟ್ ಸುಮ್ನೆ ಖರ್ಚು ಅಂತಿದ್ದೆ. ನೋಡಿದ ಮೇಲೆ ಬೇಕೇ ಬೇಕು ಅಂತೀನಿ. ಕೆಮ್ಮಣ್ಣಿನ ಬಣ್ಣ, ಮೇಲೆ ಬಿಳಿ. 'ದಿ ಅಗ್ಲಿ ಇಂಡಿಯನ್' ಅನ್ನೋ ಸ್ವಯಂಸೇವಕರ ತಂಡದವರು 2010ರಿಂದ, ತಮ್ಮ ಹೆಸರು ಹೇಳಿಕೊಳ್ಳದೆ, ಊರಿನ ಎಷ್ಟೋ ಗೋಡೆಗಳನ್ನು ಹೀಗೆ ಮಾಡಿದ್ದಾರೆ. ಚೊಕ್ಕಟವಾಗಿರುವ ಕಡೆ ಕವರ್ ಎಸೆಯಲು ಕೈ ಬರುವುದಿಲ್ಲ ಅಲ್ವಾ?

ಇಲ್ಲಿ ಬೀದಿದೀಪವೂ ಉರಿಯುತ್ತಿಲ್ಲ. ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಂಡಿದ್ದೇವೆ. ಸಂಜೆ ಮೇಲಿನ ಮನೆ ಹುಡುಗರ ಹತ್ತಿರ ಬಕೆಟ್ ವಿಷಯ ಮಾತಾಡಬೇಕು. ಆಂಟಿಯೂ ಬರುತ್ತಾರೆ.