ಹಾಗಲದ ತೋಟಕ್ಕೆ ಮಾವಿನ ಬಲೆ ಬೇಡ

ರೈತ ಬಾಂಧವರಿಗೆ ನಮಸ್ಕಾರ. ಹಾಗಲ, ಹೀರೆ, ಸೌತೆ, ಪಡವಲ ಬೆಳೆಯುವ ನಿಮ್ಮೊಂದಿಗೆ ಇಂದು, ಕಾಯಿ ಚುಚ್ಚಿ ಹಾಳುಮಾಡುವ ನೊಣವನ್ನು ಬಲೆಗೆ ಸೆಳೆಯುವ ಕ್ಯೂಲೂರ್ ಎಂಬ ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತೇನೆ. ರಸಾಯನಶಾಸ್ತ್ರದಲ್ಲಿ ಇದನ್ನು ಆರೋಮ್ಯಾಟಿಕ್ ಕೀಟೋನ್ ಎನ್ನುತ್ತಾರೆ. ಇಂಗಾಲದ 6 ಪರಮಾಣುಗಳ ಒಂದು ಉಂಗುರ, ಅದಕ್ಕಂಟಿದ ಪುಟ್ಟ ಬಾಲ, ಆ ಬಾಲದಲ್ಲಿ ಆಮ್ಲಜನಕವನ್ನು ಹಿಡಿದುಕೊಂಡ ಒಂದು ಇಂಗಾಲ ಎಂದು ತಿಳಿದರೆ ಸಾಕು. ತೇವದ ಗಾಳಿಯಲ್ಲಿ ಇದು ನಿಧಾನವಾಗಿ ಒಡೆದು, ರಾಸ್‌ಬೆರಿ ಹಣ್ಣಿಗೆ ಪರಿಮಳ ಕೊಡುವ ಕೀಟೋನ್ ಆಗುತ್ತದೆ. ಕೆಲವು ಕಾಡು ಸೀತಾಳೆ ಹೂಗಳಲ್ಲೂ ಆ ಕೀಟೋನ್ ಇದ್ದು, ಗಂಡು ನೊಣಗಳು ಅದನ್ನು ನೆಕ್ಕಿ, ಮೈಯಲ್ಲಿ ಕೂಡಿಟ್ಟು, ಹೆಣ್ಣನ್ನು ಸೆಳೆಯಲು ಬಳಸುತ್ತವೆ. ಮೋಹಕ ಬಲೆಯೊಳಗಿನ ಕ್ಯೂಲೂರ್ ತುಂಡನ್ನು ಅವು ಹುಡುಕಿಕೊಂಡು ಬರುವುದು ಈ ಆಸೆಯಿಂದಲೇ.

ಆದರೆ ಅದಕ್ಕೆ ಬರುವುದು ಬಳ್ಳಿ ತರಕಾರಿಯ ನೊಣ. ಮಾವಿನ ನೊಣ ಅತ್ತ ಸುಳಿಯುವುದಿಲ್ಲ. ಮಾವಿನ ನೊಣಕ್ಕೆ ಬೇಕಾದದ್ದು ಮಿಥೈಲ್ ಯೂಜಿನಾಲ್ ಎಂಬ ಬೇರೆ ವಸ್ತು, ಅದು ಕೀಟೋನೇ ಅಲ್ಲ.

ಕೋಲಾರದ ಕಡೆಯ ರೈತರೊಬ್ಬರು ಒಂದು ಬೇಸಿಗೆಯಲ್ಲಿ ನನ್ನನ್ನು ತಮ್ಮ ಹಾಗಲದ ಚಪ್ಪರಕ್ಕೆ ಕರೆದೊಯ್ದರು. ಪಕ್ಕದಲ್ಲೇ ಅವರ ಮಾವಿನ ತೋಪು. ಚಪ್ಪರದ ಬಲೆಯನ್ನು ಬಿಚ್ಚಿ ಅಂಗೈ ಮೇಲೆ ಸುರಿದಾಗ ರಾಶಿ ನೊಣ ಬಿದ್ದವು. “ಇಷ್ಟು ಸತ್ತರೂ ನನ್ನ ಕಾಯಿ ಕೊಳೆಯುವುದು ನಿಂತಿಲ್ಲವಲ್ಲ ಸ್ವಾಮಿ” ಎಂದು ಅವರು ಕೇಳಿದರು. ನಾನು ಒಂದು ಎಳೆ ಹಾಗಲವನ್ನು ಸೀಳಿದೆ. ಒಳಗೆಲ್ಲ ಬಿಳಿ ಹುಳುಗಳು. ಅಂಗೈಯಲ್ಲಿದ್ದ ಒಂದೊಂದು ನೊಣವನ್ನೂ ಮಸೂರದಡಿ ನೋಡಿದೆ. ಎಲ್ಲವೂ ಮಾವಿನ ನೊಣಗಳೇ. ತೋಪಿಗೆಂದು ತಂದ ಮಿಥೈಲ್ ಯೂಜಿನಾಲ್ ತುಂಡುಗಳಲ್ಲಿ ಉಳಿದವನ್ನು ಅವರು ಚಪ್ಪರಕ್ಕೂ ಕಟ್ಟಿದ್ದರು. ಪಕ್ಕದ ತೋಪಿನ ನೊಣಗಳು ಬಂದು ಬಲೆ ತುಂಬುತ್ತಿದ್ದವು, ಹಾಗಲದ ನೊಣ ಮಾತ್ರ ನಿಶ್ಚಿಂತೆಯಿಂದ ಮೊಟ್ಟೆಯಿಡುತ್ತಿತ್ತು. ದುಡ್ಡೂ ಹೋಯಿತು, ಬೆಳೆಯೂ ಹೋಯಿತು. ಎರಡು ಪೊಟ್ಟಣಗಳನ್ನೂ ಒಂದೇ ಎಂಬಂತೆ ಮಾರುವ ಅಂಗಡಿಯವರ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಬಳ್ಳಿ ತರಕಾರಿಗೆ ಕ್ಯೂಲೂರ್, ಮಾವಿಗೆ ಮಿಥೈಲ್ ಯೂಜಿನಾಲ್. ಪೊಟ್ಟಣದ ಮೇಲಿನ ಹೆಸರನ್ನು ಓದದೆ ದುಡ್ಡು ಕೊಡಬೇಡಿ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಲೆಗೆ ಬೀಳುವುದು ಗಂಡು ಮಾತ್ರ, ಕಾಯಿ ಚುಚ್ಚುವುದು ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ, ಹೂ ಬಿಡುವ ಮೊದಲೇ ಬಲೆ ಕಟ್ಟಬೇಕು ಮತ್ತು ಅಕ್ಕಪಕ್ಕದ ಹೊಲದವರೂ ಜೊತೆಯಲ್ಲೇ ಕಟ್ಟಬೇಕು. ಚುಚ್ಚಿದ ಕಾಯಿಗಳನ್ನು ಬಳ್ಳಿಯಡಿ ಬಿಡದೆ ಆರಿಸಿ ಆಳವಾಗಿ ಹೂಳಿ. ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ನಿಮ್ಮ ಚಪ್ಪರಕ್ಕೇ ಬರುತ್ತದೆ. ಈ ವಾರ ಸೌತೆ ಬೀಜ ಹಾಕುವವರು ಕ್ಯೂಲೂರ್ ಪೊಟ್ಟಣವನ್ನೂ ಇಂದೇ ತಂದಿಟ್ಟುಕೊಳ್ಳಿ. ನಮಸ್ಕಾರ.