ಮೆಟ್ಟಿಲ ಮೇಲಿನ ನೂಕುನುಗ್ಗಲು

ಕೇಳುಗರೆಲ್ಲರಿಗೂ ನಮಸ್ಕಾರ. ದೊಡ್ಡ ನಗರಗಳ ಮೆಟ್ರೋ, ಲೋಕಲ್ ರೈಲು ಅಂದ ಕೂಡಲೇ ಕಿಕ್ಕಿರಿದ ಬೋಗಿ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ನನಗೆ ಬೋಗಿಗಿಂತ ಜಾಸ್ತಿ ಭಯ ಹುಟ್ಟಿಸುವುದು ನಿಲ್ದಾಣದ ಮೆಟ್ಟಿಲು.

1943ರ ಮಾರ್ಚ್ 3, ಲಂಡನ್‌ನ ಬೆಥ್ನಲ್ ಗ್ರೀನ್. ಯುದ್ಧದ ಸಮಯ. ವಿಮಾನ ದಾಳಿಯ ಸೈರನ್ ಕೂಗಿತು. ಜನ ನೆಲದಡಿಯ ನಿಲ್ದಾಣಕ್ಕೆ ಇಳಿಯುತ್ತಿದ್ದರು. ಮೆಟ್ಟಿಲ ಮೇಲೆ ಸರಿಯಾದ ಬೆಳಕಿಲ್ಲ, ನಡುವೆ ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಕೆಳಗಿನ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ಎಡವಿ ಬಿದ್ದಳು. ಅವಳ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. 173 ಜನ ಸತ್ತರು. ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ.

2017ರ ಸೆಪ್ಟೆಂಬರ್ 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದಲ್ಲಿ ಆದದ್ದೂ ಹೀಗೆಯೇ. ಜೋರು ಮಳೆ. ಇಕ್ಕಟ್ಟಾದ ಪಾದಚಾರಿ ಸೇತುವೆ ಮೇಲೆ ಜನ ನಿಂತುಬಿಟ್ಟಿದ್ದರು. ರೈಲಿನಿಂದ ಇಳಿದವರು ಹಿಂದಿನಿಂದ ಬರುತ್ತಲೇ ಇದ್ದರು. 23 ಜೀವ ಹೋಯಿತು.

ಹಿಂದೆ ಇರುವವರಿಗೆ ಮುಂದೆ ದಾರಿ ಕಟ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ಒಬ್ಬೊಬ್ಬರು ಒತ್ತುವುದು ಸ್ವಲ್ಪವೇ. ಅದೆಲ್ಲ ಮುಂದಿನವರ ಎದೆಯ ಮೇಲೆ ಕೂಡಿಬೀಳುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಆರೇಳು ಜನ ಸೇರಿದರೆ ಮುಗಿಯಿತು, ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ. ಗುಂಪು ವಾಲಿದ ಕಡೆಗೆ ನಾವೂ ವಾಲುತ್ತೇವೆ. ಎಷ್ಟೋ ಜನ ಸಾಯುವುದು ತುಳಿತದಿಂದಲ್ಲ, ನಿಂತಲ್ಲೇ ಉಸಿರುಗಟ್ಟಿ.

ಇಂಥದ್ದು ನಡೆದಾಗೆಲ್ಲ ಜನರಿಗೆ ಶಿಸ್ತಿಲ್ಲ ಎನ್ನುವ ಮಾತು ಬರುತ್ತದೆ. ನಾನು ಒಪ್ಪುವುದಿಲ್ಲ. ಮೆಟ್ಟಿಲು ಎಷ್ಟು ಅಗಲ, ಹೊರದಾರಿ ಎಷ್ಟು ಅನ್ನುವುದನ್ನು ಪ್ರಯಾಣಿಕರು ತೀರ್ಮಾನಿಸಿದ್ದಲ್ಲ. ಮನಸ್ಸು ಮಾಡಿದರೆ ದಾರಿ ಇದೆ. ಪ್ಲಾಟ್‌ಫಾರ್ಮ್ ಅಂಚಿಗೆ ರೈಲು ಬಂದಾಗ ಮಾತ್ರ ತೆರೆಯುವ ಬಾಗಿಲು ಹಾಕಿದರೆ ನೂಕುನುಗ್ಗಲಲ್ಲಿ ಹಳಿಗೆ ಬೀಳುವ ಮಾತೇ ಇಲ್ಲ. ರಷ್ಯಾದ ಲೆನಿನ್‌ಗ್ರಾಡ್‌ನಲ್ಲಿ, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, 1961ರಲ್ಲೇ ಅಂಥ ನಿಲ್ದಾಣ ಕಟ್ಟಿದರು. ಸಿಂಗಪುರ 1987ರಲ್ಲಿ ಮೆಟ್ರೋ ಶುರು ಮಾಡಿದಾಗಲೇ ನೆಲದಡಿಯ ನಿಲ್ದಾಣಗಳಿಗೆ ಬಾಗಿಲು ಕೂರಿಸಿತ್ತು.

ಇನ್ನೊಂದು ಉಪಾಯ ಜನರಿಗೆ ಸಿಟ್ಟು ತರಿಸುತ್ತದೆ. ಒಳಗೆ ಜನ ಜಾಸ್ತಿಯಾದರೆ ಹೊರಗಿನ ಗೇಟನ್ನು ಸ್ವಲ್ಪ ಹೊತ್ತು ಮುಚ್ಚುವುದು. ಒಂದು ರೈಲು ತಡವಾದರೆ ಪ್ಲಾಟ್‌ಫಾರ್ಮಿನಲ್ಲಿ ಜನ ಸೇರುತ್ತಾರೆ. ಅವರು ಹತ್ತಿ ಇಳಿಯಲು ಹೊತ್ತು ಹಿಡಿಯುತ್ತದೆ, ಹಿಂದೆ ಬರುವ ರೈಲೂ ತಡವಾಗುತ್ತದೆ. ಆಗ ಗೇಟು ಮುಚ್ಚುವವರು ಸುಮ್ನೆ ತಡೆಯುತ್ತಿಲ್ಲ, ಒಳಗಿನವರ ಜೀವ ಕಾಯುತ್ತಿದ್ದಾರೆ. ದಯವಿಟ್ಟು ಅವರನ್ನು ಬೈಯಬೇಡಿ.

ಮೆಟ್ಟಿಲು ಹತ್ತಿ ಇಳಿದಾಗ ಫೋನ್ ನೋಡುತ್ತಾ ಮೆಟ್ಟಿಲ ಬಾಯಲ್ಲೇ ನಿಲ್ಲಬೇಡಿ, ನಾಲ್ಕು ಹೆಜ್ಜೆ ಮುಂದೆ ಹೋಗಿ. ಗುಂಪಿನಲ್ಲಿ ಸಿಕ್ಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಮಡಚಿಕೊಳ್ಳಿ, ಉಸಿರಾಡಲು ಜಾಗ ಸಿಗುತ್ತದೆ. ಬಿದ್ದ ವಸ್ತು ಎತ್ತಿಕೊಳ್ಳಲು ಬಗ್ಗಬೇಡಿ. ಹಳಿ ಮೇಲೆ ಏನಾದರೂ ಬಿದ್ದರಂತೂ ಇಳಿಯಲೇಬೇಡಿ. ಎಷ್ಟೋ ಮೆಟ್ರೋಗಳಲ್ಲಿ ಹಳಿಯ ಪಕ್ಕದ ಕಂಬಿಯಲ್ಲೇ 750 ವೋಲ್ಟ್ ಕರೆಂಟು ಹರಿಯುತ್ತಿರುತ್ತದೆ. ಸಿಬ್ಬಂದಿಗೆ ಹೇಳಿ, ಅವರು ತೆಗೆದುಕೊಡುತ್ತಾರೆ. ನಮಸ್ಕಾರ.