ಪರದೆಯ ಮೇಲಿನ ಓದು ಯಾವ ಮೇಷ್ಟರ ಪಾಠ?

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ ಮಕ್ಕಳಿಗೆ ಡಿಜಿಟಲ್ ಸಾಕ್ಷರತೆ ಕಲಿಸಬೇಕೆಂಬ ಮಾತು ಪೋಷಕರ ಸಭೆಯಲ್ಲಿ ಬಂದರೆ, ಯಾರಾದರೊಬ್ಬರು ನಕ್ಕು, ‘ನಮ್ಮ ಹುಡುಗನೇ ನಮಗೆ ಫೋನ್ ಹೇಳಿಕೊಡುತ್ತಾನೆ ಸಾರ್, ಅವನಿಗೆ ನೀವೇನು ಕಲಿಸುತ್ತೀರಿ?’ ಎನ್ನುವುದುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ, 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಳ್ಳಿಗಳಲ್ಲೇ ಹೀಗಿರುವಾಗ ಬೆಂಗಳೂರಿನ ಮಕ್ಕಳ ವಿಷಯವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಅದೇ ವರದಿಯಲ್ಲಿ, ಸಮೀಕ್ಷೆಯ ಹಿಂದಿನ ವಾರದಲ್ಲಿ ಕಲಿಕೆಗಾಗಿ ಫೋನ್ ಬಳಸಿದೆವೆಂದವರು ಶೇಕಡ 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದೆವೆಂದವರು ಶೇಕಡ 76. ಬೆರಳಿಗೆ ಚುರುಕು ಬಂದಿದೆ. ಆ ಬೆರಳು ತೆರೆದು ತೋರಿಸಿದ್ದನ್ನು ಓದಿ, ತೂಗಿ, ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವ ಶಕ್ತಿ ತಾನಾಗಿ ಬರುವಂಥದ್ದಲ್ಲ. ಅದನ್ನು ಯಾರಾದರೂ ಕಲಿಸಬೇಕು. ಯಾರು ಕಲಿಸಬೇಕು ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ. ಕಂಪ್ಯೂಟರ್ ಕೊಠಡಿಯ ಮೇಷ್ಟರಿಗೆ ಅದನ್ನು ಒಪ್ಪಿಸಿ ಉಳಿದವರು ಕೈತೊಳೆದುಕೊಳ್ಳುವ ಈಗಿನ ಪದ್ಧತಿ ತಪ್ಪೆಂದು ನಾನು ಭಾವಿಸುತ್ತೇನೆ. ಇದು ಸಮಾಜ ವಿಜ್ಞಾನದ, ಕನ್ನಡದ, ಗಣಿತದ ಶಿಕ್ಷಕರ ಕೆಲಸ.

ಕರ್ನಾಟಕಕ್ಕೆ ತರಗತಿಯ ತಂತ್ರಜ್ಞಾನ ಹೊಸದೇನೂ ಅಲ್ಲ. ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದ ಮಾಹಿತಿ ಸಿಂಧು ಯೋಜನೆ ಬಂತು. 2004ರಲ್ಲಿ ಇಸ್ರೋ ಹಾರಿಬಿಟ್ಟ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ತಲುಪಿದವು. ಮುಂದೆ 2017ರಲ್ಲಿ ಕೇಂದ್ರ ಸರ್ಕಾರದ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆ ಆರಂಭವಾಗಿ, ನಮ್ಮ ಪಠ್ಯಪುಸ್ತಕಗಳ ಪುಟಗಳಲ್ಲಿ ಕ್ಯೂಆರ್ ಸಂಕೇತಗಳು ಕಾಣಿಸಿಕೊಂಡವು. ಇವೆಲ್ಲದರ ನಡುವೆ, ಈ ಮಾಧ್ಯಮದಲ್ಲೇ ಕುಳಿತು ಮಾತನಾಡುತ್ತಿರುವುದರಿಂದ ಹೇಳಲೇಬೇಕು, ‘ಕೇಳಿ ಕಲಿ’ ಎಂಬ ಬಾನುಲಿ ಪಾಠಗಳೂ ಶಾಲೆಗಳಲ್ಲಿ ಕೇಳಿಬಂದವು. ಅದರಲ್ಲಿದ್ದ ಒಂದು ಗುಣ ಅದಕ್ಕಿಂತ ಎಷ್ಟೋ ದುಬಾರಿಯಾದ ಯಂತ್ರಗಳಲ್ಲಿ ನನಗೆ ಕಾಣುವುದಿಲ್ಲ. ರೇಡಿಯೋ ಕೇಳುವ ಹೊತ್ತಿನಲ್ಲಿ ಶಿಕ್ಷಕರು ತರಗತಿಯಲ್ಲೇ ಇರುತ್ತಿದ್ದರು, ಮಕ್ಕಳನ್ನು ಎಬ್ಬಿಸಿ ಹಾಡಿಸುತ್ತಿದ್ದರು, ಉತ್ತರ ಹೇಳಿಸುತ್ತಿದ್ದರು, ಪೆಟ್ಟಿಗೆ ಸುಮ್ಮನಾದ ಮೇಲೆ ಪಾಠವನ್ನು ತಾವೇ ಮುಂದುವರಿಸುತ್ತಿದ್ದರು. ಸ್ಮಾರ್ಟ್ ಬೋರ್ಡಿನ ಮುಂದೆ ವಿಡಿಯೋ ಹಾಕಿ ಶಿಕ್ಷಕರು ಹಾಜರಿ ಪುಸ್ತಕ ತುಂಬುತ್ತ ಕುಳಿತರೆ ಅಲ್ಲಿ ತಂತ್ರಜ್ಞಾನವಿದೆ, ಪಾಠವಿಲ್ಲ.

ಇದು ನನ್ನೊಬ್ಬನ ಗೊಣಗಾಟವಲ್ಲ. ಶಾಲೆಗಳಿಗೆ ಕಂಪ್ಯೂಟರ್ ಒದಗಿಸಲು ಧಾರಾಳವಾಗಿ ಖರ್ಚು ಮಾಡಿದ ದೇಶಗಳಲ್ಲಿ ಮಕ್ಕಳ ಓದು, ಗಣಿತ, ವಿಜ್ಞಾನಗಳ ಸಾಧನೆಯಲ್ಲಿ ಗಮನಾರ್ಹ ಸುಧಾರಣೆ ಕಂಡುಬಂದಿಲ್ಲವೆಂದು, ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಸಂಸ್ಥೆ 2015ರ ವರದಿಯಲ್ಲೇ ಹೇಳಿತ್ತು. ದಕ್ಷಿಣ ಅಮೆರಿಕದ ಪೆರು ದೇಶ ಬಡ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ಮಕ್ಕಳ ಭಾಷೆ ಮತ್ತು ಗಣಿತದ ಅಂಕಗಳು ಅದರಿಂದ ಏರಲಿಲ್ಲವೆಂದು ಆಮೇಲಿನ ಅಧ್ಯಯನ ತೋರಿಸಿತು. ಯಂತ್ರವನ್ನು ದೂರಬೇಕಾಗಿಲ್ಲ. ಯಾವ ಪಾಠದಲ್ಲಿ, ಯಾವ ಪ್ರಶ್ನೆಗಾಗಿ ಅದನ್ನು ತೆರೆಯುತ್ತೇವೆ ಎಂಬುದು ತೀರ್ಮಾನವಾಗದೆ ತೆರೆದರೆ ಹೀಗಾಗುತ್ತದೆ, ಅಷ್ಟೆ.

ಹಾಗಾದರೆ ಎಂಥ ಪ್ರಶ್ನೆಗಾಗಿ ತೆರೆಯಬೇಕು? ಬೆಂಗಳೂರಿನವರಿಗೆ ಇದಕ್ಕೆ ಬೇರೆ ಊರಿನ ಉದಾಹರಣೆ ಬೇಕಾಗಿಲ್ಲ. 2012ರ ಆಗಸ್ಟ್ ತಿಂಗಳಲ್ಲಿ, ಅಸ್ಸಾಮಿನ ಗಲಭೆಗಳ ಬೆನ್ನಲ್ಲೇ, ಈಶಾನ್ಯ ರಾಜ್ಯಗಳವರ ಮೇಲೆ ಇಲ್ಲಿಯೂ ದಾಳಿಯಾಗಲಿದೆ ಎಂಬ ಎಸ್‌ಎಂಎಸ್ ಸಂದೇಶಗಳೂ, ಬೇರೆಲ್ಲೋ ಬೇರೆ ಯಾವಾಗಲೋ ತೆಗೆದ ಭೀಕರ ಚಿತ್ರಗಳೂ ಹರಡಿ, ಸಾವಿರಾರು ಮಂದಿ ಕೆಲಸ, ಓದು, ಬಾಡಿಗೆ ಮನೆ ಎಲ್ಲವನ್ನೂ ಬಿಟ್ಟು ಸಿಟಿ ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಟ್ಟಿಗೆ ಐವರಿಗಿಂತ ಹೆಚ್ಚು ಜನರಿಗೆ ಸಂದೇಶ ಕಳುಹಿಸದಂತೆ ಕೇಂದ್ರ ಸರ್ಕಾರ 15 ದಿನಗಳ ನಿರ್ಬಂಧ ಹೇರಿತು. ಆರು ವರ್ಷಗಳ ನಂತರ, 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ನಂಬಿದ ಜನ ಚಾಮರಾಜಪೇಟೆಯಲ್ಲಿ ಹೊರರಾಜ್ಯದ ಯುವಕನೊಬ್ಬನನ್ನು ಹೊಡೆದು ಕೊಂದರು. ಆ ಗುಂಪಿನಲ್ಲಿದ್ದವರು ಅಕ್ಷರ ಬಾರದವರೇನೂ ಆಗಿರಬೇಕಾಗಿಲ್ಲ. ಸಂದೇಶ ಓದಲು ಬಂದದ್ದರಿಂದಲೇ ಅಲ್ಲವೇ ಅದು ಅಷ್ಟು ಬೇಗ ಹರಡಿದ್ದು. ಈ ಎರಡು ಘಟನೆಗಳನ್ನು ಸಮಾಜ ವಿಜ್ಞಾನದ ತರಗತಿಯಲ್ಲಿ ಪಾಠವಾಗಿ ಎತ್ತಿಕೊಳ್ಳಬೇಕೆಂದು ನನ್ನ ಬಲವಾದ ಅಭಿಪ್ರಾಯ. ನಾಗರಿಕನ ಕರ್ತವ್ಯಗಳ ಅಧ್ಯಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಸುಳ್ಳನ್ನು ನಂಬಬೇಡಿ ಎಂದು ಹೇಳಿದರೆ ಮಾತ್ರ ಸಾಲದು. ಹುಡುಕುವ ಬಗೆಯನ್ನು ಕೈಹಿಡಿದು ತೋರಿಸಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬ ಸಂಶೋಧಕರು ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ವೃತ್ತಿನಿರತ ಸತ್ಯಶೋಧಕ ಪತ್ರಕರ್ತರು, 25 ಮಂದಿ ಕಾಲೇಜು ವಿದ್ಯಾರ್ಥಿಗಳು ಅಂತರ್ಜಾಲದ ಪುಟಗಳನ್ನು ಹೇಗೆ ಓದುತ್ತಾರೆಂದು ಗಮನಿಸಿದರು. ವಿದ್ಯಾರ್ಥಿಗಳೂ, ಬಹಳಷ್ಟು ಇತಿಹಾಸಕಾರರೂ ಒಂದೇ ಪುಟದ ಒಳಗೇ ಮೇಲಿಂದ ಕೆಳಕ್ಕೆ ಓದುತ್ತ, ಲಾಂಛನ, ವಿನ್ಯಾಸ, ಗಂಭೀರ ಭಾಷೆಗಳಿಗೆ ಮರುಳಾದರು. ಪತ್ರಕರ್ತರು ಮಾತ್ರ ಪುಟ ತೆರೆದ ಕೂಡಲೇ ಅದನ್ನು ಬಿಟ್ಟು ಹೊರಬಂದು, ಈ ಸಂಸ್ಥೆ ಯಾವುದು, ಇದರ ಬಗ್ಗೆ ಬೇರೆಯವರು ಏನೆಂದಿದ್ದಾರೆ ಎಂದು ಅಕ್ಕಪಕ್ಕದ ಪುಟಗಳಲ್ಲಿ ಹುಡುಕಿ, ಬೇಗನೆ ಸರಿಯಾದ ತೀರ್ಮಾನಕ್ಕೆ ಬಂದರು. ನಮ್ಮ ಹಳ್ಳಿಗಳಲ್ಲಿ ಹೆಣ್ಣು ನೋಡಲು ಹೋದವರು ಆ ಮನೆಯವರ ಮಾತಿಗೆ ತಲೆದೂಗಿ ಬಂದು, ನೆರೆಯೂರಿನವರಲ್ಲಿ ವಿಚಾರಿಸಿಕೊಳ್ಳುವುದಿಲ್ಲವೇ, ಇದೂ ಹಾಗೆಯೇ. ಶಿಕ್ಷಕರ ಒಂದೇ ಫೋನು, ಗೋಡೆಯ ಮೇಲೆ ಚೆಲ್ಲುವ ಒಂದು ಪ್ರೊಜೆಕ್ಟರು ಇದ್ದರೂ ನಲವತ್ತು ಮಕ್ಕಳ ಮುಂದೆ ಈ ಅಭ್ಯಾಸವನ್ನು ಮಾಡಿ ತೋರಿಸಬಹುದು.

ಇನ್ನೊಂದು ಪಾಠವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಭೂಗೋಳದ ತರಗತಿಯಲ್ಲಿ ಬೆಂಗಳೂರಿನ ಉಪಗ್ರಹ ಚಿತ್ರವನ್ನು ತೆರೆಯಿರಿ. ಮಕ್ಕಳು ಮೊದಲು ತಮ್ಮ ಮನೆಯನ್ನು ಹುಡುಕುತ್ತಾರೆ, ಹುಡುಕಲಿ. ಆಮೇಲೆ ತಮ್ಮ ಬಡಾವಣೆಗೆ ಹತ್ತಿರದ ಕೆರೆಯನ್ನು ಗುರುತಿಸಿ, ಹಳೆಯ ವರ್ಷಗಳ ಚಿತ್ರಗಳಿಗೆ ಒಂದೊಂದಾಗಿ ಹಿಂದೆ ಸರಿಯುತ್ತ ಕೆರೆಯ ಅಂಚು ಎಲ್ಲಿತ್ತು, ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು, ಈಗ ಅದರ ಮೇಲೆ ಏನಿದೆ ಎಂದು ಬರೆದುಕೊಳ್ಳಲಿ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನಿಂತು ಜನ ಟ್ರ್ಯಾಕ್ಟರುಗಳಲ್ಲಿ ಕೆಲಸಕ್ಕೆ ಹೋದದ್ದಕ್ಕೂ, ಈ ಗೆರೆಗಳಿಗೂ ಇರುವ ಸಂಬಂಧ ಆಗ ಹೇಳದೆಯೇ ಹೊಳೆಯುತ್ತದೆ. ಪಾಠ ಅಲ್ಲಿಗೆ ಮುಗಿಯಬಾರದು. ಈಗ ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣವನ್ನು ತೋರಿಸಿ, ಇಲ್ಲಿ ಕೆರೆ ಕಾಣುತ್ತದೆಯೇ ಎಂದು ಕೇಳಬೇಕು. ಕಾಣುವುದಿಲ್ಲ. ಅದು ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣವಿರುವ ಜಾಗ ಸಂಪಂಗಿ ಕೆರೆಯದು. ಬೀದಿ ಗುರುತಾಗುವಷ್ಟು ಸ್ಪಷ್ಟವಾದ ಉಪಗ್ರಹ ಚಿತ್ರಗಳು ನಮಗೆ ಸಿಗುವ ಹೊತ್ತಿಗೆ ಆ ಕೆರೆಗಳು ಇರಲೇ ಇಲ್ಲ. ಹಾಗಾಗಿ ಹಳೆಯ ನಕ್ಷೆ ಬೇಕಾಗುತ್ತದೆ, ಬಡಾವಣೆಯ ಹಿರಿಯರನ್ನು ಕೇಳಬೇಕಾಗುತ್ತದೆ, ಗ್ರಂಥಾಲಯಕ್ಕೆ ಹೋಗಬೇಕಾಗುತ್ತದೆ. ಪರದೆ ಏನನ್ನು ತೋರಿಸುತ್ತದೆ, ಏನನ್ನು ತೋರಿಸಲಾರದು ಎಂಬ ಎರಡನ್ನೂ ಒಂದೇ ಪಾಠದಲ್ಲಿ ಕಂಡ ಮಗು ಮುಂದೆ ಯಾವ ನಕ್ಷೆಯನ್ನು ನೋಡಿದರೂ ಅದರ ಕಾಲ ಯಾವುದೆಂದು ಕೇಳುತ್ತದೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ದೃಶ್ಯ ಫೋನಿಗೆ ಬಂದರೆ, ಇದು ಇವತ್ತಿನದೋ, 2017ರದೋ ಎಂದೂ ಕೇಳುತ್ತದೆ. ಕಂಪ್ಯೂಟರ್ ಮೇಷ್ಟರಿಗೆ ಈ ಪಾಠ ಮಾಡಲು ಸಾಧ್ಯವಿಲ್ಲ. ಭೂಗೋಳ ಬಲ್ಲವರೇ ಮಾಡಬೇಕು.

ಕನ್ನಡದ ಶಿಕ್ಷಕರ ಪಾಲಿನದು ಇನ್ನೂ ಮೂಲಭೂತವಾದ ಕೆಲಸ. ಸಾಫ್ಟ್‌ವೇರಿಗೆ ಹೆಸರಾದ ಈ ನಗರದಲ್ಲಿ ಹತ್ತನೇ ತರಗತಿ ಮುಗಿಸುವ ಎಷ್ಟೋ ಮಕ್ಕಳಿಗೆ ಕನ್ನಡವನ್ನು ಕನ್ನಡದ ಅಕ್ಷರಗಳಲ್ಲಿ ಟೈಪ್ ಮಾಡುವ ರೂಢಿಯೇ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೋ ಗೀಚಿ ಕಳುಹಿಸುತ್ತಾರೆ. ಕೆ. ಪಿ. ರಾವ್ ಅವರು ರೂಪಿಸಿದ, ಅತಿ ಕಡಿಮೆ ಕೀಲಿಗಳಲ್ಲಿ ಕನ್ನಡದ ಎಲ್ಲ ಒತ್ತಕ್ಷರಗಳನ್ನೂ ಮೂಡಿಸುವ ಕೀಲಿಮಣೆ ವಿನ್ಯಾಸ ನಮ್ಮಲ್ಲಿದೆ; ಅದನ್ನೇ ಆಧರಿಸಿದ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಸರ್ಕಾರಿ ಕಚೇರಿಗಳಲ್ಲೆಲ್ಲ ಇದೆ. ಆದರೆ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸುವಾಗ ಇಂದಿಗೂ, ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳನ್ನು ಬಳಸುವವರಿದ್ದಾರೆ. ಅಂಥ ಕಡತವನ್ನು ಇನ್ನೊಂದು ಫೋನಿನಲ್ಲಿ ತೆರೆದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಅದರೊಳಗಿನ ಒಂದು ಪದವನ್ನೂ ಹುಡುಕಲಾಗುವುದಿಲ್ಲ. ಯೂನಿಕೋಡಿನಲ್ಲಿ ಬರೆದದ್ದು ಮಾತ್ರ ಎಲ್ಲೆಡೆ ತೆರೆಯುತ್ತದೆ, ಹುಡುಕಿದವರಿಗೆ ಸಿಗುತ್ತದೆ. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ತಮ್ಮ ಬಡಾವಣೆಯ ದೇವಸ್ಥಾನ, ಕೆರೆ, ಮಾರುಕಟ್ಟೆಗಳ ಬಗ್ಗೆ ಆಧಾರಸಹಿತವಾಗಿ ನಾಲ್ಕು ಸಾಲು ಸೇರಿಸುವ ಕೆಲಸವನ್ನು ಪ್ರೌಢಶಾಲೆಯ ಮಕ್ಕಳಿಗೆ ಕೊಡಬಹುದು. ಆಧಾರ ತೋರಿಸದ ಸಾಲನ್ನು ಅಲ್ಲಿನ ಇತರ ಸಂಪಾದಕರು ತೆಗೆದುಹಾಕಿದಾಗ, ಮೇಷ್ಟರ ಕೆಂಪು ಶಾಯಿಗಿಂತ ಚೆನ್ನಾಗಿ ಪಾಠ ಮನದಟ್ಟಾಗುತ್ತದೆ.

ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆಯ ಸಾಧನಗಳ ಬಗ್ಗೆಯೂ ನನ್ನ ನಿಲುವು ಇದೇ. 2022ರ ನವೆಂಬರಿನಿಂದೀಚೆಗೆ ಅವು ಎಲ್ಲರ ಕೈಗೆ ಬಂದಿವೆ. ನಿಷೇಧಿಸಿದರೆ ಮಕ್ಕಳು ಮನೆಯಲ್ಲಿ ಬಳಸುತ್ತಾರೆ. ಅದರ ಬದಲು, ನಿಮ್ಮ ಶಾಲೆಯ ಪಕ್ಕದ ಕೆರೆಯ ಇತಿಹಾಸವನ್ನು ಕನ್ನಡದಲ್ಲೇ ಕೇಳಿಸಿ, ಬಂದ ಉತ್ತರದ ಪ್ರತಿ ವಾಕ್ಯದ ಮುಂದೆ ಸರಿ, ತಪ್ಪು, ಗೊತ್ತಾಗಲಿಲ್ಲ ಎಂದು ಮಕ್ಕಳಿಂದಲೇ ಗುರುತು ಹಾಕಿಸಿ. ಸರಿಯಾದದ್ದನ್ನು ಹೇಳುವಷ್ಟೇ ಧೈರ್ಯದಿಂದ ಆ ಯಂತ್ರ ಇಲ್ಲದ್ದನ್ನೂ ಹೇಳಬಲ್ಲದೆಂಬುದು ಒಂದೇ ಪೀರಿಯಡ್ಡಿನಲ್ಲಿ ಗೊತ್ತಾಗುತ್ತದೆ.

ಮನೆಯ ಕಡೆಗೂ ನೋಡಬೇಕು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನು ಬೆಳಗ್ಗೆ ಅಪ್ಪನ ಜೊತೆ ಆಟೋದಲ್ಲಿ ಹೊರಟು ರಾತ್ರಿ ಮರಳುತ್ತದೆ. ಮರಳಿದ ಮೇಲೂ ಅದು ಮೊದಲು ಸಿಗುವುದು ಮಗನಿಗೆ, ಆಮೇಲೆ ಮಗಳಿಗೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಆನ್‌ಲೈನ್ ತರಗತಿಗಳಾಚೆ ಉಳಿದ ಮಕ್ಕಳಿಗಾಗಿಯೇ ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳನ್ನೂ, ಬೀದಿಯ ಜಗಲಿಗಳಲ್ಲಿ ವಿದ್ಯಾಗಮದ ವಠಾರ ಶಾಲೆಗಳನ್ನೂ ನಡೆಸಬೇಕಾಯಿತು. ಆದ್ದರಿಂದ ಡಿಜಿಟಲ್ ಪಾಠವನ್ನು ಮನೆಗೆಲಸವಾಗಿ ವಾಟ್ಸಾಪ್ ಗುಂಪಿಗೆ ಎಸೆಯುವುದು ನ್ಯಾಯವಲ್ಲ. ಅದು ಶಾಲೆಯಲ್ಲೇ, ಶಾಲೆಯ ಯಂತ್ರದಲ್ಲೇ ಆಗಬೇಕು. ಮನೆಗೆ ಹೋಗಬೇಕಾದದ್ದು ತಿಳಿವಳಿಕೆ. ಹೂ ಮಾರುವ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಯುಪಿಐ ವ್ಯವಹಾರವನ್ನು ಅನೇಕ ವೇಳೆ ಮಕ್ಕಳೇ ನೋಡಿಕೊಳ್ಳುತ್ತಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಪಿನ್ ಕೇಳಿದರೆ ಹಣ ಹೋಗುತ್ತದೆಂದೇ ಅರ್ಥ. ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲಿ ಹೆದರಿಸಿ ಹಣ ಕೀಳುವವರ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಮೋಸ ಹೋದದ್ದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಗಣಿತದ ತರಗತಿಯ ಹತ್ತು ನಿಮಿಷದಲ್ಲಿ ಇಷ್ಟನ್ನು ಹೇಳಿದರೆ ಒಂದು ಮನೆಯ ತಿಂಗಳ ಸಂಪಾದನೆ ಉಳಿಯಬಹುದು. ಹಾಗೆಯೇ ಮಕ್ಕಳ ಫೋಟೋಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಎಲ್ಲೆಂದರಲ್ಲಿ ಹಾಕುವ ಶಾಲೆಗಳು, 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಸಮ್ಮತಿ ಬೇಕೆನ್ನುವ 2023ರ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಕೇಳಿದ ಶಿಕ್ಷಕ ಮಿತ್ರರು, ಸಮಯ ಎಲ್ಲಿದೆ ಎಂದು ಕೇಳುತ್ತಾರೆ, ಕೇಳುವುದು ನ್ಯಾಯವೇ. ಅವರ ಪಾಲಿಗೆ ತಂತ್ರಜ್ಞಾನವೆಂದರೆ ಬಹುಪಾಲು ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ವಿವರ ತುಂಬುವುದು, ಸರ್ವರ್ ಸಿಗದೆ ರಾತ್ರಿ ಮತ್ತೆ ತುಂಬುವುದು. ಯುಪಿಎಸ್ ಬ್ಯಾಟರಿ ಸತ್ತುಹೋಗಿ ಬೀಗ ಬಿದ್ದಿರುವ ಕಂಪ್ಯೂಟರ್ ಕೊಠಡಿಗಳೂ ಉಂಟು, ಯಂತ್ರ ಕೆಟ್ಟರೆ ಯಾರನ್ನು ಕೇಳಬೇಕೆಂಬ ಹೆದರಿಕೆಯಿಂದ ಬೀಗ ತೆಗೆಯದವರೂ ಉಂಟು. ದುರಸ್ತಿಯ ಹಣ ಮತ್ತು ಹೊಣೆ ಇಲಾಖೆಯದಾಗಬೇಕು, ಕೆಟ್ಟದ್ದಕ್ಕೆ ಮುಖ್ಯೋಪಾಧ್ಯಾಯರನ್ನು ದಂಡಿಸುವುದು ನಿಲ್ಲಬೇಕು. ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಎಸ್‌ಎಸ್‌ಎಲ್‌ಸಿಯ ಹೆಚ್ಚಿನ ವಿಷಯಗಳಲ್ಲಿ ಲಿಖಿತ ಪರೀಕ್ಷೆಯ 80 ಅಂಕಗಳ ಜೊತೆ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ, ಅದಕ್ಕಾಗಿ ವರ್ಷವಿಡೀ ಚಟುವಟಿಕೆಗಳನ್ನು ಮಾಡಿಸುತ್ತೇವೆ. ಅಂತರ್ಜಾಲದಿಂದ ಮುದ್ರಿಸಿ ತಂದು, ಬಣ್ಣದ ಹಾಳೆಗೆ ಅಂಟಿಸಿ, ಯಾರೂ ಓದದೆ ಕಟ್ಟಿಡುವ ಆ ಪ್ರಾಜೆಕ್ಟುಗಳಲ್ಲಿ ಒಂದನ್ನಾದರೂ ಕೈಬಿಟ್ಟು, ಫೋನಿಗೆ ಬಂದ ಒಂದು ಸುದ್ದಿಯನ್ನು ಮಗು ಎಲ್ಲೆಲ್ಲಿ ಹುಡುಕಿ ಪರೀಕ್ಷಿಸಿತು, ಯಾರನ್ನು ಕೇಳಿತು, ಕೊನೆಗೆ ಏನೆಂದು ತೀರ್ಮಾನಿಸಿತು ಎಂಬುದನ್ನು ತನ್ನ ಕೈಬರಹದಲ್ಲಿ ಎರಡು ಪುಟ ಬರೆಯಲಿ. ಅಂಕವನ್ನು ಆ ಹುಡುಕಾಟಕ್ಕೆ ಕೊಡೋಣ. ಯಾವ ವಿಷಯದ ಶಿಕ್ಷಕರಾದರೂ ಬರುವ ವಾರವೇ ಇದನ್ನು ಆರಂಭಿಸಬಹುದು.

ನಮಸ್ಕಾರ.